ಕ್ಯಾಮರಾ ನಿಮ್ಮ ಜೇಬಿನಲ್ಲೇ ಇದೆ!



ನನ್ನ ಪ್ರೆಸ್ಸಿನಲ್ಲಿ ಹಾಡುಗಾರರ ಪೋಸ್ಟರ್‌ಗಳು ಅಚ್ಚಾಗುತ್ತವೆ. ಕಾರ್ಯಕ್ರಮ ಮುಗಿದ ಮರುದಿನವೇ ಅದರ ಮೇಲೆ ಇನ್ನೊಂದು ಪೋಸ್ಟರ್ ಬೀಳುತ್ತದೆ. ಆ ರಾತ್ರಿಯ ಹಾಡು ಎಲ್ಲಿ ಉಳಿಯಿತು?

ಅಮೆರಿಕದ ವಾಷಿಂಗ್ಟನ್ನಿನಲ್ಲಿ 1987ರಲ್ಲಿ ಫುಗಾಜಿ ಎಂಬ ರಾಕ್ ತಂಡ ಹುಟ್ಟಿತು. ದೊಡ್ಡ ಕಂಪನಿಗಳ ಹಂಗಿಗೆ ಬೀಳಲಿಲ್ಲ. ತಂಡದ ಇಯಾನ್ ಮೆಕ್‌ಕೇ ಗೆಳೆಯನೊಡನೆ ಕಟ್ಟಿದ ಡಿಸ್ಕಾರ್ಡ್ ಸಂಸ್ಥೆಯಿಂದಲೇ ಹಾಡುಗಳು ಬಂದವು. ಟಿಕೆಟ್ ಬಹುಪಾಲು 5 ಡಾಲರ್ ಮಾತ್ರ. ವ್ಯಾನ್ ಹತ್ತಿ ಊರೂರು ಸುತ್ತಿದರು.

ಅವರ ಸ್ನೇಹಿತ ಜೆಮ್ ಕೋಹೆನ್ ಹತ್ತು ವರ್ಷ ಬೆನ್ನು ಬಿಡಲಿಲ್ಲ. ಸೂಪರ್ 8, 16 ಎಂ.ಎಂ., ವಿಡಿಯೋ, ಎಲ್ಲದರಲ್ಲೂ ಚಿತ್ರಿಸಿದ. ವೇದಿಕೆಯಷ್ಟೇ ಅಲ್ಲ, ಪ್ರಯಾಣ, ರಿಹರ್ಸಲ್, ಕೇಳಲು ಬಂದವರ ಮುಖಗಳೂ ಅದರಲ್ಲಿವೆ. 1999ರಲ್ಲಿ ಅದು ‘ಇನ್‌ಸ್ಟ್ರುಮೆಂಟ್’ ಚಿತ್ರವಾಯಿತು. 2002ರ ಪ್ರವಾಸದ ನಂತರ ತಂಡ ಸುಮ್ಮನಾಯಿತು. ಚಿತ್ರ ಸುಮ್ಮನಾಗಲಿಲ್ಲ!

ಅವನಿಗಿಂತ ಸುಲಭದ ಯಂತ್ರ ಇಂದು ನಿಮ್ಮ ಜೇಬಿನಲ್ಲಿದೆ. ಊರೂರು ತಿರುಗಿ ಕನ್ನಡದಲ್ಲಿ ಹಾಡುವ ಹುಡುಗ ಹುಡುಗಿಯರ ಜೊತೆ ಬಸ್ ಹತ್ತಿ. ಅವರನ್ನು ಕೇಳಿಯೇ ಚಿತ್ರಿಸಿ. ಊರು, ದಿನಾಂಕ, ಹೆಸರು ಬರೆದಿಡಿ. ಎರಡು ಕಡೆ ಪ್ರತಿ ಇಡಿ.

ಇಂದು ಹಿಡಿದಿಡದ ಹಾಡನ್ನು ನಾಳೆ ಯಾವ ಪ್ರೆಸ್ಸೂ ಅಚ್ಚು ಹಾಕಿಕೊಡಲಾರದು!