ಕೆಳಗಿನ ಕೋರ್ಟಿನ ಲೆಕ್ಕ

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕೋರ್ಟುಗಳ ಮುಂದೆ ಹಾದು ಶಾಲೆ-ಕಾಲೇಜಿಗೆ ಹೋಗುವ ಮಕ್ಕಳು ಬಹಳ. ಒಳಗೆ ಏನು ನಡೆಯುತ್ತದೆಂದು ಕೇಳಿದರೆ 'ಕೇಸು' ಎನ್ನುತ್ತಾರೆ, ಅಷ್ಟೇ. ಕಿತ್ತೂರ ಕಡೆಯ ಪಾಲಕರಿಗೂ ಕೋರ್ಟೆಂದರೆ ಹೊಲದ ಬದುವಿನ ತಂಟೆ, ಮುಂದಕ್ಕೆ ಹೋದ ತಾರೀಖು. ಆದರೆ ಸಾಕ್ಷಿಯನ್ನು ಕಣ್ಣಾರೆ ಕಂಡು, ಅವನ ಮಾತು ಬರೆಯಿಸಿ, ಪ್ರತಿಯೊಂದು ಕಾಗದಕ್ಕೂ ಗುರುತು ಹಾಕಿಸುವವರು ಕೆಳಗಿನ ಕೋರ್ಟಿನ ನ್ಯಾಯಾಧೀಶರೇ. ಮೇಲಿನ ಕೋರ್ಟುಗಳು ಸಾಮಾನ್ಯವಾಗಿ ಓದುವುದು ಈ ಕಾಗದಗಳನ್ನೇ.

ಅಂಥ ಒಬ್ಬ ನ್ಯಾಯಾಧೀಶರ ಹೆಸರು 2014ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಅವರು ಜಾನ್ ಮೈಕೆಲ್ ಡಿ'ಕುನ್ಹಾ. ಮಂಗಳೂರು ಕಡೆಯವರು, ವಕೀಲಿ ಮಾಡಿ ನ್ಯಾಯಾಂಗಕ್ಕೆ ಬಂದವರು. ತಮಿಳುನಾಡಿನ ಜಯಲಲಿತಾ ಅವರ ಮೇಲಿನ ಅಕ್ರಮ ಆಸ್ತಿ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು 2003ರಲ್ಲಿ ಕರ್ನಾಟಕಕ್ಕೆ ವರ್ಗಾಯಿಸಿತ್ತು. ಆರೋಪಿಯೇ ಮುಖ್ಯಮಂತ್ರಿಯಾಗಿರುವ ರಾಜ್ಯದಲ್ಲಿ ನಿಷ್ಪಕ್ಷಪಾತ ವಿಚಾರಣೆ ಕಷ್ಟವೆಂಬುದು ಕಾರಣ. ಬೆಂಗಳೂರಿನ ವಿಶೇಷ ಕೋರ್ಟಿನಲ್ಲಿ ಹಲವು ನ್ಯಾಯಾಧೀಶರು ಬಂದುಹೋದ ಮೇಲೆ, 2013ರ ಕೊನೆಗೆ ಡಿ'ಕುನ್ಹಾ ಬಂದರು. ಸರಕಾರದ ಕಡೆಯ ಸಾಕ್ಷಿಗಳೇ 259. ಕಟ್ಟಡ, ಚಿನ್ನ, ಸೀರೆ, ಬ್ಯಾಂಕ್ ಸಾಲ ಎಲ್ಲಕ್ಕೂ ಲೆಕ್ಕ ಬೇಕಿತ್ತು. 2014ರ ಸೆಪ್ಟೆಂಬರ್ 27ರಂದು ತೀರ್ಪು ಬಂತು: ನಾಲ್ಕು ವರ್ಷ ಸಜೆ, 100 ಕೋಟಿ ರೂಪಾಯಿ ದಂಡ. ಅಧಿಕಾರದಲ್ಲಿದ್ದ ಮುಖ್ಯಮಂತ್ರಿ ಹುದ್ದೆ ಕಳೆದುಕೊಂಡರು.

ಮುಂದಿನದು ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಓದಬೇಕಾದ ಭಾಗ. 2015ರ ಮೇ 11ರಂದು ಹೈಕೋರ್ಟು ಎಲ್ಲರನ್ನೂ ಬಿಡುಗಡೆ ಮಾಡಿತು. ಆಸ್ತಿ 37.59 ಕೋಟಿ, ಆದಾಯ 34.76 ಕೋಟಿ, ಹೆಚ್ಚಳ ಶೇಕಡಾ 8.12 ಮಾತ್ರ, ಶೇಕಡಾ ಹತ್ತರೊಳಗೆ ಇದ್ದರೆ ಮನ್ನಿಸಬಹುದು ಎಂಬುದು ಅದರ ವಾದ. ಆದರೆ ಆದಾಯಕ್ಕೆ ಸೇರಿಸಿದ ಸಾಲಗಳ ಪಟ್ಟಿಯ ಮೊತ್ತ 24.17 ಕೋಟಿ ಎಂದು ಬರೆದಿತ್ತು. ಕೂಡಿಸಿದರೆ ಬರುವುದು 10.67 ಕೋಟಿ! ಸರಕಾರದ ಪರ ವಕೀಲ ಬಿ. ವಿ. ಆಚಾರ್ಯ ಕೂಡಲೇ ಇದನ್ನು ಎತ್ತಿ ತೋರಿಸಿದರು. 13.50 ಕೋಟಿ ಕಳೆದರೆ ಆದಾಯ 21.26 ಕೋಟಿಗೆ ಇಳಿಯುತ್ತದೆ, ಹೆಚ್ಚಳ ಶೇಕಡಾ 76 ದಾಟುತ್ತದೆ. ಹೈಸ್ಕೂಲಿನ ಹುಡುಗರೂ ಮಾಡಬಲ್ಲ ಲೆಕ್ಕ ಇದು.

2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಡಿ'ಕುನ್ಹಾ ಅವರ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರಿಂದ ಅವರ ಮೇಲಿನ ಮೇಲ್ಮನವಿ ಅಲ್ಲಿಗೇ ನಿಂತಿತು. ಉಳಿದ ಮೂವರು ಜೈಲಿಗೆ ಹೋದರು. ಡಿ'ಕುನ್ಹಾ 2016ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯಾದರು, 2021ರಲ್ಲಿ ನಿವೃತ್ತರಾದರು.

ಈ ದಾರಿ ಹಿಡಿಯಬೇಕೆನ್ನುವವರು ಮೊದಲು ಕಾನೂನು ಪದವಿ ಪಡೆಯಬೇಕು. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿ ಇರಬೇಕೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿದೆ. ವಕೀಲರು ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಲು ಏಳು ವರ್ಷದ ಅನುಭವ ಬೇಕು.