ಟೊಪಗಿ ತೆಗೆಸುವ ಮೊದಲು



ಅಪ್ಪ ತೀರಿಕೊಂಡರೆ, ಅವ್ವ ಸೋಡಚೀಟಿ ಪಡೆದು ತವರಿಗೆ ಬಂದರೆ ನಮ್ಮ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಶಾಲೆಗಳಲ್ಲಿ ಮಗುವಿನ ದಾಖಲೆ ತಿದ್ದುತ್ತಾರೆ, ಮಗುವನ್ನು ಮಾತನಾಡಿಸುವವರು ಕಡಿಮೆ. ಅಥಣಿ ಕಡೆಯ ಶಾಲೆಯೊಂದರಲ್ಲಿ ಅಪ್ಪನ ದಿನಕರ್ಮ ಮುಗಿಸಿ, ಬೋಳಿಸಿದ ತಲೆಗೆ ಟೊಪಗಿ ಹಾಕಿಕೊಂಡು ಬಂದ ಹುಡುಗನಿಗೆ ‘ಟೊಪಗಿ ತಗಿ’ ಎಂದರು. ತೆಗೆದ. ಹಿಂದಿನ ಬೆಂಚಿನವರು ನಕ್ಕರು. ಮರುದಿನದಿಂದ ಅವನು ಕಾಕಾನ ಜೊತೆ ಕಬ್ಬಿನ ಹೊಲಕ್ಕೆ ಹೊರಟ. ಹಾಜರಿಯಲ್ಲಿ ಬರೀ ‘ಗೈರು’.

ನಿಪ್ಪಾಣಿ, ಕಾಗವಾಡದಂಥ ಗಡಿಯಲ್ಲಿ ಇನ್ನೊಂದು ತೊಡಕು. ತವರು ಮಹಾರಾಷ್ಟ್ರದ್ದಾದರೆ ಕೂಸು ವರ್ಷದ ನಡುವೆ ಮನೆಯನ್ನಷ್ಟೇ ಅಲ್ಲ, ಕಲಿಯುವ ಭಾಷೆಯನ್ನೂ ಬಿಡಬೇಕು.

ಕೋವಿಡ್‌ನಲ್ಲಿ ಹೆತ್ತವರಿಬ್ಬರನ್ನೂ ಕಳೆದುಕೊಂಡವರಿಗೆ ರಾಜ್ಯ ಸರ್ಕಾರ 2021ರಲ್ಲಿ ಬಾಲ ಸೇವಾ ಯೋಜನೆಯಡಿ ತಿಂಗಳಿಗೆ 3,500 ರೂ. ಘೋಷಿಸಿತು. ಮಿಷನ್ ವಾತ್ಸಲ್ಯದಡಿ ವಿಧವೆಯರ, ವಿಚ್ಛೇದಿತೆಯರ ಮಕ್ಕಳಿಗೂ ತಿಂಗಳಿಗೆ 4,000 ರೂ. ನೆರವಿಗೆ ಅವಕಾಶವಿದೆ, ಹಳ್ಳಿಯವರಾದರೆ ಕುಟುಂಬದ ವಾರ್ಷಿಕ ಆದಾಯ 72,000 ರೂ. ಮೀರಬಾರದು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಎಷ್ಟು ತಾಯಂದಿರಿಗೆ ಇದು ಗೊತ್ತು? ಗೊತ್ತಾದರೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇರುವುದು ಬೆಳಗಾವಿಯಲ್ಲಿ. ಅಥಣಿಯವರಿಗೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ.

ಹಣ ಒಂದು ಕಡೆ ಇರಲಿ. ಎಲ್ಲ ತಾಲ್ಲೂಕುಗಳಲ್ಲೂ ವಾರಕ್ಕೊಮ್ಮೆಯಾದರೂ ಕನ್ನಡ, ಮರಾಠಿ ಎರಡೂ ಬಲ್ಲ ಆಪ್ತ ಸಮಾಲೋಚಕರು ಕೂರಲಿ, ಅರ್ಜಿಯನ್ನೂ ಅಲ್ಲೇ ತೆಗೆದುಕೊಳ್ಳಲಿ. ಮಕ್ಕಳ ಸಹಾಯವಾಣಿ 1098, ಟೆಲಿ ಮಾನಸ್ 14416 ಶಾಲೆಯ ಗೋಡೆಯ ಮೇಲೆ ಕಾಣಲಿ. ‘ಅಪ್ಪ ಊರಿಗೆ ಹೋಗ್ಯಾನ’ ಎಂಬ ಸುಳ್ಳನ್ನು ಹಿರಿಯರು ನಿಲ್ಲಿಸಲಿ. ಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾರೆ.

– ಒಬ್ಬ ಶಿಕ್ಷಕಿ, ರಾಯಬಾಗ