ತಗಡಿನ ಶೆಡ್ಡಿಗೆ ಮಣ್ಣಿನ ಒಳಗೋಡೆ

ನಮ್ಮ ರಾಯಚೂರು ಕಡೆ ಏಪ್ರಿಲ್, ಮೇ ಎಂದರೆ ಬಿಸಿಲು 40 ಡಿಗ್ರಿ ದಾಟಿತೆಂದೇ ಲೆಕ್ಕ. ಈ ಬಿಸಿಲಿಗೆ ಹಿರಿಯರು ಕಂಡುಕೊಂಡಿದ್ದು ಮಣ್ಣಿನ ಮಾಳಿಗೆ ಮನೆ. ಈಗ ದೇವದುರ್ಗ, ಮಾನ್ವಿ ಹಳ್ಳಿಗಳಲ್ಲಿ, ರಾಯಚೂರು ನಗರದ ಅಂಚಿನ ಓಣಿಗಳಲ್ಲಿ ಎಲ್ಲಿ ನೋಡಿದರೂ ತಗಡಿನ ಶೆಡ್ಡು. ಕಟ್ಟಿದವರನ್ನು ಬೈಯಲಾರೆ. ತೊಲೆ, ಜಂತಿ ದುಬಾರಿ. 2009ರ ಮಳೆ-ನೆರೆಯಲ್ಲಿ ಮಣ್ಣಿನ ಮನೆಗಳು ಕುಸಿದದ್ದನ್ನು ಕಂಡ ಮಂದಿ ಮಣ್ಣೆಂದರೆ ಹೆದರುತ್ತಾರೆ. ಆದರೆ ತಗಡು ಮಳೆ ತಡೆದೀತು, ಬಿಸಿಲು ತಡೆಯಂಗಿಲ್ಲ. ಮಧ್ಯಾಹ್ನ ಅದರೊಳಗೆ ಕೂಸು, ಮುದುಕರು ಮಲಗುವುದು ಹ್ಯಾಂಗೆ? ಬಿತ್ತನೆಗೆ ಇಟ್ಟ ಶೇಂಗಾ ಬೀಜದ ಮೊಳಕೆ ಶಕ್ತಿಯೂ ಆ ಕಾವಿಗೆ ಕುಂದುತ್ತದೆ. ಶಕ್ತಿನಗರದಲ್ಲಿ 1985ರಿಂದ ಕರೆಂಟು ಹುಟ್ಟುತ್ತಿದೆ. ತಗಡಿನ ಕೆಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತದೆ, ಅಷ್ಟೇ.

ತಗಡು ಇರಲಿ, ಒಳಗೆ ಮಣ್ಣು ಬರಲಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಹೊಲದ ಶೆಡ್ಡಿನ ಪಡುವಣ ಗೋಡೆಗೆ ಒಳಗಿನಿಂದ ತಡಿಕೆ ಕಟ್ಟಿ ಮೆತ್ತಿದ್ದೇವೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಎರಡೂ ನಡೆಯುತ್ತವೆ. ಹತ್ತಿಯದಾದರೆ ಉಳಿದ ಒಣಕಾಯಿ ಉದುರಿಸಿ ಸುಟ್ಟುಬಿಡಿ, ಗುಲಾಬಿ ಕಾಯಿಕೊರಕ ಅದರೊಳಗೇ ಮಲಗಿರುತ್ತದೆ. ತಗಡಿಗೂ ತಡಿಕೆಗೂ ನಡುವೆ ನಾಲ್ಕು ಬೆರಳು ಸಂದು ಬೇಕೇ ಬೇಕು. ಹಸಿ ಮಣ್ಣು ತಾಗಿದರೆ ತಗಡು ತುಕ್ಕು ಹಿಡಿಯುತ್ತದೆ. ಸಂದು ಕೆಳಗೂ ಮೇಲೂ ತೆರೆದಿದ್ದರೆ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ. ಇಲಿ, ಹಾವು ಸೇರದಂತೆ ಜಾಳಿಗೆ ಬಡಿಯಿರಿ.

ಎರೆಮಣ್ಣು ಒಂದನ್ನೇ ಬಳಸಬೇಡಿ, ಒಣಗಿದರೆ ಬಿರಿಯುತ್ತದೆ. ಮಸಾರಿ ಮಣ್ಣಿಗೆ ಕತ್ತರಿಸಿದ ನೆಲ್ಲುಹುಲ್ಲು, ಹೊಟ್ಟು ಧಾರಾಳ ಹಾಕಿ, ಮೂರು-ನಾಲ್ಕು ದಿನ ನೆನೆಸಿ ತುಳಿಯಬೇಕು. ಕಾವು ತಡೆಯುವುದು ಹುಲ್ಲು-ಹೊಟ್ಟೇ. ಬರೀ ಮಣ್ಣು ಹಗಲು ಹೀರಿದ ಕಾವನ್ನು ರಾತ್ರಿ ಬಿಡುತ್ತದೆ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ನೆಲ್ಲು ಬೆಳೆದು, ಹುಲ್ಲಿಗೆ ಬೆಂಕಿ ಹಚ್ಚುವವರು ಇದನ್ನು ಸ್ವಲ್ಪ ಯೋಚಿಸಬೇಕು. ಮಾಳಿಗೆ ಮೇಲೆ ಹಿರಿಯರು ಹಾಕುತ್ತಿದ್ದ ಸವುಳು ಮಣ್ಣು ಮಾತ್ರ ಇಲ್ಲಿ ಬೇಡ. ಅಲ್ಲಿ ಅದು ನೀರು ಇಳಿಯದಂತೆ ಮುಚ್ಚುತ್ತಿತ್ತು, ಇಲ್ಲಿ ಅದರ ಉಪ್ಪು ತಗಡನ್ನು ತಿಂದುಹಾಕುತ್ತದೆ.

ಕೆಲವರು ತಗಡಿನ ಮೇಲೆಯೇ ಮಣ್ಣು ಹೇರಲು ಹೊರಡುತ್ತಾರೆ. ದಯಮಾಡಿ ಬೇಡ. ಹತ್ತಡಿ ಉದ್ದಗಲದ ಕೋಣೆಗೆ ಅರ್ಧ ಅಡಿ ಮಣ್ಣು ಹಾಕಿದರೆ ಎರಡು ಟನ್ ದಾಟುತ್ತದೆ, ಶೆಡ್ಡಿನ ಪೈಪು ಅದನ್ನು ಹೊರುವುದಿಲ್ಲ. ಮೇಲುಗಡೆಗೆ ಬಿಳಿ ಬಣ್ಣ ಬಳಿಯಿರಿ. ಒಳಗೆ ಒಂದಡಿ ಕೆಳಗೆ ಹಗುರ ತಡಿಕೆ ಇಳಿಬಿಟ್ಟು ತೆಳ್ಳಗೆ ಮೆತ್ತಿದರೆ ಸಾಕು.

ರಾಯಚೂರಿನಲ್ಲಿ ನಮ್ಮ ಹಳ್ಳಿ ಮಂದಿಗೆ ತಗಡಿನ ಕೋಣೆ ಬಾಡಿಗೆ ಕೊಡುವ ಮಾಲೀಕರೂ ಇಷ್ಟು ಮಾಡಿಸಬಾರದೇ? ದೇವದುರ್ಗದ ಹೊಲಗಳಲ್ಲಿ ಸುಡುವ ಹತ್ತಿ ಕಟ್ಟಿಗೆಯೇ ಬೇಕಾದಷ್ಟಿದೆ. ಕೆಲಸಕ್ಕೆ ಫೆಬ್ರವರಿ ಹದವಾದ ಕಾಲ: ಹತ್ತಿ ಬಿಡಿಸಿ ಮುಗಿದಿರುತ್ತದೆ, ಮೆತ್ತಿದ್ದು ಒಣಗಲು ಬಿಸಿಲೂ ಸಿಗುತ್ತದೆ.